ಗದ್ದೆ ಪಾಲಾಯಿತು, ನಾಗಬನ ಪಾಲಾಗಲಿಲ್ಲ

ಗಣಪತಿ ಹಬ್ಬ ಬಂತೆಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಅರ್ಧ ಬಾಗಿಲಿಗೆ ಬೀಗ. ರತ್ನಾಗಿರಿ, ಸಿಂಧುದುರ್ಗದ ಕಡೆಯವರೆಲ್ಲ ಊರಿಗೆ ಹೊರಟಿರುತ್ತಾರೆ. ಕೊಂಕಣಕ್ಕೆ ಸ್ಪೆಷಲ್ ರೈಲು ಬಿಡುತ್ತಾರೆ, ಎಸ್‌ಟಿ ಬಸ್ಸುಗಳೂ ಜಾಸ್ತಿ ಓಡುತ್ತವೆ. ಆದರೂ ಕಾಲಿಡಲು ಜಾಗ ಇರುವುದಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ, ಮೂಲಮನೆಯಲ್ಲಿ ಗಣಪತಿ ಕೂರಿಸುವುದು, ಈ ವರ್ಷ ಖರ್ಚಿನ ಸರದಿ ನಮ್ಮದು, ಹೋಗದಿದ್ದರೆ ಹೇಗೆ ಅನ್ನುತ್ತಾರೆ. ರಜೆ ಸಿಕ್ಕಿದರೆ ನೋಡುವ ಎಂಬ ಮಾತೇ ಇಲ್ಲ.

ಉಡುಪಿ ಕಡೆಯ ನಾವು ಊರಿಗೆ ಹೋಗುವುದು ಈಗ ಹೆಚ್ಚಾಗಿ ಮದುವೆಗೆ. ಬೆಳಿಗ್ಗೆ ರೈಲಿಳಿದು, ಹಾಲ್‌ಗೆ ಹೋಗಿ, ಸ್ಟೇಜ್ ಹತ್ತಿ ಫೋಟೋ ತೆಗೆಸಿಕೊಂಡು, ಊಟ ಮುಗಿಸಿ ಹೊರಡುವುದು. ದೊಡ್ಡಮ್ಮನ ಮೊಮ್ಮಕ್ಕಳೂ ನಮ್ಮ ಮಕ್ಕಳೂ ಪಕ್ಕಪಕ್ಕ ಕೂತು ಐಸ್‌ಕ್ರೀಂ ತಿಂದಿರುತ್ತಾರೆ. ಹೆಸರು ಕೇಳಿಕೊಂಡಿರುವುದಿಲ್ಲ. ಇದು ನನಗೆ ತುಂಬ ಬೇಸರದ ವಿಷಯ.

ನೆಂಟಸ್ತಿಕೆ ಬರೀ ಪ್ರೀತಿಯಿಂದ ಉಳಿಯುವುದಿಲ್ಲ, ಒಟ್ಟಿಗೆ ಸೇರಿ ಮಾಡಲೇಬೇಕಾದ ಕೆಲಸ ಒಂದಿರಬೇಕು ಎಂದು ನನಗನಿಸುತ್ತದೆ. ತುಳುನಾಡಿನಲ್ಲಿ ಅದಕ್ಕೆ ಕೊರತೆ ಇಲ್ಲ. ಹಿಂದೆ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಕುಟುಂಬಗಳಲ್ಲಿ ಗದ್ದೆಯೇ ಎಲ್ಲರನ್ನೂ ಹಿಡಿದಿಟ್ಟಿತ್ತು. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರು ಕವರಾಗಿ, ಅಂದರೆ ಕುಟುಂಬದ ಒಂದೊಂದು ಹೆಣ್ಣಿನ ಕವಲಾಗಿ ಪಾಲಾಗಲು ದಾರಿಯಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆ ಉಳುವವರ ಕೈಸೇರಿತು. ಅದು ನ್ಯಾಯವೇ. ಆಮೇಲೆ ಎಷ್ಟೋ ಕುಟುಂಬಗಳಿಗೆ ಒಟ್ಟಾಗಿ ಉಳಿದದ್ದು ಹಳೇ ಮನೆ, ಅದರ ದೈವ, ಅದರ ನಾಗಬನ (ನಾಗನನ್ನು ಪೂಜಿಸುವ ಮರಗಳ ತೋಪು). ಇವನ್ನು ಪಾಲು ಮಾಡಿಕೊಳ್ಳಲು ಬರುವುದಿಲ್ಲವಲ್ಲ.

ನಾಗರ ಪಂಚಮಿಯ ದಿನ ನಮ್ಮ ಕುಟುಂಬದ ಬನಕ್ಕೆ ಬಂದು ನೋಡಬೇಕು. ಬಿಡದೆ ಮಳೆ. ಒಬ್ಬ ಭಾವ ಸೀಯಾಳ ಕೆತ್ತುತ್ತಿರುತ್ತಾರೆ, ಇನ್ನೊಬ್ಬರು ಕೊಡೆ ಹಿಡಿದು ನಿಂತಿರುತ್ತಾರೆ. ಹುಡುಗಿಯರು ಕೇಪಳದ ಹೂವು, ಹಿಂಗಾರ ಬಿಡಿಸಿ ತಟ್ಟೆಗೆ ಹಾಕುತ್ತಾರೆ. ಭಟ್ಟರು ನಾಗನಿಗೆ ಹಾಲು, ಸೀಯಾಳದ ತನು ಎರೆದು ಮುಗಿಸುವಷ್ಟರಲ್ಲಿ ಅಡುಗೆಮನೆಯಿಂದ ಅರಸಿನ ಎಲೆಯ ಗಟ್ಟಿಯ ಪರಿಮಳ. ಅತ್ತೆಯೊಬ್ಬರು ಮಕ್ಕಳನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, "ನೀನು ಯಾರ ಮಗ? ನಿನ್ನ ಅಜ್ಜಿಯ ಹೆಸರೇನು?" ಅಂತ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಅಲ್ಲೇ ಹೇಳಿಕೊಡುತ್ತಾರೆ. ಆ ಒಂದು ಬೆಳಿಗ್ಗೆ ಮಕ್ಕಳಿಗೆ ಎಷ್ಟು ಗೊತ್ತಾಗುತ್ತದೆ ಅಂದರೆ, ವಾಟ್ಸಾಪ್ ಗ್ರೂಪಿನಲ್ಲಿ ವರ್ಷವಿಡೀ ಗುಡ್ ಮಾರ್ನಿಂಗ್ ಹಾಕಿದರೂ ಅಷ್ಟು ಆಗದು.

ಇನ್ನೊಂದು ವ್ಯತ್ಯಾಸ. ನಮ್ಮ ಡೊಂಬಿವಲಿಯ ನೆರೆಯವರಲ್ಲಿ ಕುಲದೇವರು ಬರುವುದು ತಂದೆಯ ಕಡೆಯಿಂದ. ಮದುವೆಯಾದ ಮಗಳು ಗಂಡನ ಮನೆಯ ಕುಲದೇವರಿಗೆ ಸೇರುತ್ತಾಳೆ. ನಮ್ಮ ಅಳಿಯಕಟ್ಟಿನಲ್ಲಿ ‘ಬರಿ’, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಮಗಳು ಎಲ್ಲಿಗೆ ಮದುವೆಯಾಗಿ ಹೋದರೂ ಅವಳ ಮಕ್ಕಳು ಇದೇ ಕುಟುಂಬದವರು. ಹಾಗಾಗಿ ನನ್ನ ಮಕ್ಕಳಿಗೆ ಹೆಂಡತಿಯ ಕುಟುಂಬದ ಮನೆ ಸ್ವಂತದ್ದು, ನನ್ನದಂತೂ ಹೇಗೂ ಉಂಟು. ಎರಡು ಕಡೆ ಬಾಗಿಲು ತೆರೆದಿರುವ ಮಕ್ಕಳು ಎರಡನ್ನೂ ನೋಡದೆ ಬೆಳೆದರೆ ಎಷ್ಟು ನಷ್ಟ, ಅಲ್ವಾ?

ಮಂಗಳೂರಿನ ಕ್ಯಾಥೊಲಿಕ್ ಗೆಳೆಯರೂ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆ ತಂದು, ಮನೆಮಂದಿಯೆಲ್ಲ ಸೇರಿ ಊಟ ಮಾಡುತ್ತಾರೆ. ಹಬ್ಬ ಬೇರೆ, ಕಟ್ಟಿಹಾಕುವ ಕೆಲಸ ಒಂದೇ.

ಮುಂಬೈಯಲ್ಲಿ ಪಂಚಮಿಗೆ ಮಕ್ಕಳಿಗೆ ರಜೆ ಸಿಗುವುದು ಕಷ್ಟ, ಒಪ್ಪುತ್ತೇನೆ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನವೂ ಹೌದು. ಹಾಗಾದರೆ ಬೇಸಿಗೆಯಲ್ಲಿ ನಾಗ, ದೈವಗಳ ಪೂಜೆಯಾದ ತಂಬಿಲಕ್ಕೆ, ದೈವದ ಕೋಲವಾದ ನೇಮಕ್ಕೆ ಹೋಗೋಣ. ಆಗ ಶಾಲೆ ಇರುವುದಿಲ್ಲ.

ಊರಲ್ಲಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ತಾರೀಖು ಬೇಗ ಹೇಳಿ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ತಡವಾದರೆ ಸೀಟು ಸಿಗುವುದಿಲ್ಲ. ಬಂದ ಮಕ್ಕಳನ್ನು ನೆಂಟರ ಹಾಗೆ ಕುರ್ಚಿಯಲ್ಲಿ ಕೂರಿಸಬೇಡಿ. ಎಲೆ ಹಾಕಲಿ, ನೀರು ಬಡಿಸಲಿ, ಅಂಗಳ ಗುಡಿಸಲಿ. "ನೀವು ದೂರದಲ್ಲಿದ್ದೀರಿ, ವಂತಿಗೆ ಕಳಿಸಿದರೆ ಸಾಕು" ಅಂತ ಮಾತ್ರ ದಯವಿಟ್ಟು ನಮಗೆ ಹೇಳಬೇಡಿ.