ನಡುಗಡ್ಡೆಗೆ ಮೆಸೇಜು ನೀರಿಗಿಂತ ಮುಂಚೆ ಬರಬೇಕು

ನಾನು ರಾಯಚೂರಿನಲ್ಲಿ ಇಂಟರ್‌ನೆಟ್ ತರುವ ಫೈಬರ್ ಕೇಬಲ್‌ಗೆ ಜಾಯಿಂಟ್ ಹಾಕುವ ಕೆಲಸ ಮಾಡ್ತೀನಿ. ಲೈನ್ ಕಟ್ ಆಯ್ತು ಅಂತ ಫೋನ್ ಬಂದರೆ ಅರ್ಧ ರಾತ್ರಿಯಲ್ಲೂ ಬೈಕ್ ಹತ್ತುತ್ತೇನೆ. ಆದರೆ ನಮ್ಮ ಅಕ್ಕನ ಊರಿಗೆ ಒಂದು ಲೈನ್ ಕೊಡೋಕೆ ಇಷ್ಟು ವರ್ಷ ನನ್ನಿಂದ ಆಗಿಲ್ಲ.

ಅಕ್ಕನನ್ನು ಕೊಟ್ಟಿರೋದು ಕೃಷ್ಣಾ ನದಿಯ ಒಂದು ನಡುಗಡ್ಡೆಗೆ. ಇಂಥ ಊರು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ. ರಾಯಚೂರು ತಾಲೂಕಿನ ಕುರ್ವಕುಲ, ಕುರ್ವಕುರ್ದಾದಿಂದ ಹಿಡಿದು ಲಿಂಗಸುಗೂರು ತಾಲೂಕಿನ ಜಲದುರ್ಗದ ಆಸುಪಾಸಿನ ಗಡ್ಡೆಗಳ ತನಕ ಇವೆ. ಅಕ್ಕನ ಊರಿಗೆ ಹೋಗಬೇಕಂದ್ರೆ ತೆಪ್ಪವೇ ಗತಿ.

ಅಲ್ಲಿ ಸಿಗ್ನಲ್ ಸಿಗೋದು ಹನುಮಪ್ಪನ ಗುಡಿ ಕಟ್ಟೆಯ ಮೇಲೆ, ಅದೂ ಒಂದೇ ಮೂಲೆಯಲ್ಲಿ. ಸಂಜೆಯಾದರೆ ಆ ಮೂಲೆಯ ಕಲ್ಲಿನ ಮೇಲೆ ಏಳೆಂಟು ಫೋನು ಸಾಲಾಗಿ ಮಲಗಿರುತ್ತವೆ. ಯಾರೂ ಕೈಯಲ್ಲಿ ಹಿಡಿಯಲ್ಲ, ಎತ್ತಿದರೆ ಸಿಗ್ನಲ್ ಹೋಗುತ್ತದೆ. ಎಲ್ಲರೂ ಸುತ್ತ ಕೂತು ಬಗ್ಗಿ ನೋಡ್ತಾರೆ. ಕೆಲವೊಮ್ಮೆ ಆಚೆ ದಂಡೆಯ ತೆಲಂಗಾಣದ ಟವರ್ ಹಿಡಿದು ತೆಲುಗಿನಲ್ಲಿ ಮೆಸೇಜು ಬರುತ್ತದೆ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಹಾಗೆ ನಮ್ಮ ಮಾವ ಪಂಪ್‌ಸೆಟ್ಟನ್ನೂ ಕೆಳಗೆ ಕೆಳಗೆ ಇಳಿಸುತ್ತಾ ಹೋಗ್ತಾರೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಅದನ್ನು ನಾಲ್ಕು ಜನ ಸೇರಿ ಮೇಲಕ್ಕೆ ಎಳೀಬೇಕು. ಹೋದ ಮಳೆಗಾಲ ನೀರು ಬಿಡುವ ಸುದ್ದಿ ವಾಟ್ಸಾಪ್ ಗ್ರೂಪಿಗೆ ಸಂಜೆಯೇ ಬಂದಿತ್ತು. ಮಾವ ಗುಡಿ ಕಟ್ಟೆಗೆ ಹೋಗಿದ್ದು ಬೆಳಿಗ್ಗೆ. "ಮೆಸೇಜೂ ಬಂತು, ನೀರೂ ಬಂತು, ಮೋಟ್ರು ಹೋತು ನೋಡಪಾ" ಅಂದರು. ಮೋಟಾರು ಮುಳುಗಿ, ಪೈಪು ಕೊಚ್ಚಿಹೋಗಿ, ಭತ್ತಕ್ಕೆ ನೀರು ಹಾಯಿಸೋಕೆ ಮತ್ತೆ ಸಾಲ ಮಾಡಿದರು. ಆ ಸಂಜೆ ಮನೆಯಲ್ಲೇ ಫೋನು ಟಿಂಗ್ ಅಂದಿದ್ದರೆ ಸಾಕಿತ್ತು, ಅಷ್ಟೇ.

ದೇಶಕ್ಕೆ ಇದು ಗೊತ್ತಿಲ್ಲದ ಕೆಲಸವೇನಲ್ಲ. ಚೆನ್ನೈನಿಂದ ಅಂಡಮಾನ್ ನಿಕೋಬಾರ್‌ಗೆ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರ ಆಗಸ್ಟ್‌ನಲ್ಲಿ ಚಾಲೂ ಮಾಡಿದರು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪದ 11 ದ್ವೀಪಗಳಿಗೂ ಕೇಬಲ್ ಬಂತು. ಅದಕ್ಕೂ ಮುಂಚೆ ಅವರು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹವನ್ನೇ ನಂಬಿದ್ದರು. ಮಾತು ಅಷ್ಟು ದೂರ ಹೋಗಿ ಬರಬೇಕು, ತಡವಾಗದೆ ಇರುತ್ತಾ? ಆ ಎರಡೂ ಸುದ್ದಿ ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಜೊತೆಗೆ ನಮ್ಮ ನದಿಯೂ ನೆನಪಾಯ್ತು. ನಮ್ಮ ದಂಡೆಯಿಂದ ಅಕ್ಕನ ಊರಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ.

ಫೈಬರ್ ದಂಡೆಯ ಮೇಲಿನ ಪಂಚಾಯ್ತಿ ಆಫೀಸಿನ ತನಕ ಬಂದಿದೆ. ನಡುಗಡ್ಡೆ ಅದೇ ಪಂಚಾಯ್ತಿಗೆ ಸೇರುತ್ತದೆ. ಹಾಗಾಗಿ ಪಂಚಾಯ್ತಿ ಲೆಕ್ಕದಲ್ಲಿ ನೋಡಿದರೆ ಅಕ್ಕನ ಊರಿಗೂ ಇಂಟರ್‌ನೆಟ್ ಬಂದಾಗಿದೆ! ಈ ಲೆಕ್ಕ ಬದಲಾಗಬೇಕು. ಊರೂರಿಗೆ, ಮನೆಮನೆಗೆ ಎಣಿಸಬೇಕು.

"ಮೊದಲು ಸೇತುವೆ ಆಗಲಿ, ಆಮೇಲೆ ನೆಟ್" ಅಂತ ಅಲ್ಲಿನ ಹಿರಿಯರೇ ಹೇಳ್ತಾರೆ. ಸೇತುವೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ನೋಡಿ, ನೀರು ಜಾಸ್ತಿ ಬಿಟ್ಟಾಗ ಮುಳುಗಿಬಿಡುತ್ತದೆ. ಹೊಳೆ ತುಂಬಿದ ದಿನ ಸೇತುವೆಯೂ ಇಲ್ಲ, ತೆಪ್ಪವೂ ಇಲ್ಲ. ಬಸುರಿ ಹೆಂಗಸಿಗೆ ನೋವು ಶುರುವಾದರೆ ಡಾಕ್ಟರ ಹತ್ತಿರ ಮಾತಾಡೋಕಾದರೂ ದಾರಿ ಬೇಕಲ್ವಾ?

ನನ್ನ ಕೆಲಸದ ಅನುಭವದಲ್ಲಿ ಹೇಳ್ತೀನಿ, ನದಿಯ ತಳದಲ್ಲಿ ಕೇಬಲ್ ಬೇಡ. ಪ್ರವಾಹದಲ್ಲಿ ಮರಳು ಕೊರೆದುಹೋಗುತ್ತದೆ, ಕಲ್ಲು ಉರುಳುತ್ತದೆ, ಕಟ್ ಆದರೆ ನೀರಿಳಿಯುವ ತನಕ ಯಾರೂ ಮುಟ್ಟೋಕಾಗಲ್ಲ. ಪಂಚಾಯ್ತಿ ಆಫೀಸಿನ ಮೇಲೊಂದು, ನಡುಗಡ್ಡೆಯ ಶಾಲೆಯ ಮೇಲೊಂದು ಡಿಶ್ ಕೂರಿಸಿ, ಎರಡೂ ಒಂದಕ್ಕೊಂದು ನೇರ ಕಾಣೋ ಹಾಗೆ ಹೊಂದಿಸಿದರೆ ಸಿಗ್ನಲ್ ಗಾಳಿಯಲ್ಲೇ ದಾಟುತ್ತದೆ. ಇದಕ್ಕೆ ಬಳಸುವ 5 ಗಿಗಾಹರ್ಟ್ಸ್ ರೇಡಿಯೋ ಅಲೆಗಳಿಗೆ 2018ರಿಂದ ಲೈಸೆನ್ಸಿನ ತಾಪತ್ರಯವೂ ಇಲ್ಲ. ನೀರಿನ ಮೇಲೆ ಸಿಗ್ನಲ್ ಬಡಿದು ವಾಪಸ್ ಚಿಮ್ಮುತ್ತದೆ, ಅದಕ್ಕೆ ಕಂಬ ಎತ್ತರ ಇರಬೇಕು. ಎಲ್ಲಕ್ಕಿಂತ ಮುಖ್ಯ ಕರೆಂಟು. ಹೊಳೆ ಬಂದಾಗ ಮೊದಲು ಹೋಗೋದೇ ಕರೆಂಟು. ಎರಡೂ ಕಡೆ ಸೋಲಾರ್, ಮೂರು ದಿನ ತಡೆಯುವ ಬ್ಯಾಟರಿ ಇರಲೇಬೇಕು. ಅದನ್ನು ಬಿಟ್ಟು ಉಳಿದಿದ್ದೆಲ್ಲ ಮಾಡಿದರೂ ಬೇಕಾದ ದಿನ ಕೈಗೆ ಸಿಗಲ್ಲ.

2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾದಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಕೇಬಲ್ ಕಟ್ ಆಯ್ತು. ಇಡೀ ದೇಶ ಹೊರಗಿನವರಿಗೆ ಸಿಗದೆ ಹೋಯ್ತು, ಅದೂ ಸಹಾಯ ಕೇಳಬೇಕಾದ ಹೊತ್ತಿನಲ್ಲಿ. ನನಗೆ 2009ರ ನಮ್ಮ ನೆರೆ ನೆನಪಾಗಿತ್ತು. ಅಕ್ಕನ ದನಿ ಕೇಳದೆ ಅವ್ವ ಊಟ ಬಿಟ್ಟು ಕೂತಿದ್ದಳು.

ಹೋದ ವಾರ ಶಾಲೆಯ ಮಾಳಿಗೆ ಹತ್ತಿ ನೋಡಿ ಬಂದೆ. ಪಂಚಾಯ್ತಿ ಆಫೀಸಿನ ನೀರಿನ ಟ್ಯಾಂಕು ನೇರ ಕಾಣುತ್ತದೆ, ನಡುವೆ ಒಂದು ಬೇವಿನ ಟೊಂಗೆ ಮಾತ್ರ ಅಡ್ಡ. ಕೂರಿಸುವ ಕೆಲಸ ನಾನೇ ಮಾಡ್ತೀನಿ, ಕೂಲಿ ಬೇಡ. ಒಪ್ಪಿಗೆಗೆ ಅರ್ಜಿ ಕೊಟ್ಟಿದ್ದೇನೆ. ಹಳೇ ಸೋಲಾರ್ ಪ್ಯಾನೆಲ್, ಒಳ್ಳೇ ಬ್ಯಾಟರಿ ಯಾರ ಹತ್ತಿರ ಇದ್ದರೂ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗ್ತೀನಿ. ಹೊಳೆ ತುಂಬುವ ಮುಂಚೆ ಆಗಬೇಕು.