ನೂರಕ್ಕೆ ನಲವತ್ತು ಮಳೆ

ಸೋಮವಾರ 26 ಡಿಗ್ರಿ, ನಿಚ್ಚಳ ಬಿಸಿಲು. ಮಂಗಳವಾರ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ, ಸಾಧ್ಯತೆ ನೂರಕ್ಕೆ 70, ಆಲಿಕಲ್ಲೂ ಬೀಳಬಹುದು. ಬುಧವಾರ ವಾಯವ್ಯದಿಂದ ಬಿರುಗಾಳಿ, ತಾಪ 9 ಡಿಗ್ರಿಗೆ ಇಳಿಕೆ. ಗುರುವಾರ ನಸುಕಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಶನಿವಾರ ಮತ್ತೆ ಬಿಸಿಲು. ಭಾನುವಾರ ಮಳೆ, ನೂರಕ್ಕೆ 40.

ಏಪ್ರಿಲ್ ಕೊನೆಯ ಈ ವಾರಕ್ಕೆ ನಮ್ಮ ಮೆಕ್ಲೇನ್ ಕೌಂಟಿಯ ಮುನ್ಸೂಚನೆ ಇದು. ಅಮೆರಿಕದ ಇಲಿನಾಯ್ ರಾಜ್ಯದ ನಡುಮಧ್ಯದಲ್ಲಿರುವ ಈ ಕೌಂಟಿ, ಅಂದರೆ ಜಿಲ್ಲೆ, ಆ ರಾಜ್ಯದಲ್ಲೇ ಅತಿ ದೊಡ್ಡದು, ಮೂರು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಎಂಬ ಜೋಡಿ ಪಟ್ಟಣಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೊಲ: ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ. ನಾನು ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ, ಆದರೆ ಮನೆ ಇರುವುದು ಹೊಲದ ಬದುವಿಗೆ ಅಂಟಿಕೊಂಡಂತೆ. ಹುಟ್ಟಿದ್ದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಅಲ್ಲಿಯೂ ಇದೇ ಬೆಳೆ, ನಾವು ಅದನ್ನು ಗೋವಿನಜೋಳ ಎನ್ನುತ್ತೇವೆ. ಅಲ್ಲಿಯ ಎರೆಭೂಮಿ ಕಪ್ಪು, ಇಲ್ಲಿಯ ಹುಲ್ಲುಗಾವಲಿನ ಮಣ್ಣೂ ಕಪ್ಪು. ಇಲ್ಲಿಗೆ ಬಂದ ಮೊದಲ ವಸಂತದಲ್ಲಿ ಉತ್ತ ಹೊಲ ಕಂಡು ಕಾರು ನಿಲ್ಲಿಸಿ ಇಳಿದು ನಿಂತಿದ್ದೆ.

ಬೆಳೆ ಒಂದೇ ಆದರೂ ಬಿತ್ತನೆಗೆ ಕಾಯುವ ಬಗೆ ಬೇರೆ. ನಮ್ಮೂರಲ್ಲಿ ನೆಲ ನೆನೆಯಲಿ ಎಂದು ಕಾಯುತ್ತೇವೆ. ಇಲ್ಲಿ ನೆಲ ಬೆಚ್ಚಗಾಗಲಿ, ನೀರು ಇಂಗಿ ಹೋಗಲಿ ಎಂದು ಕಾಯುತ್ತಾರೆ. ಹೆಚ್ಚಾದ ನೀರು ಬಸಿದುಹೋಗಲೆಂದೇ ಹೊಲದಡಿ ಕೊಳವೆ ಹೂತಿದ್ದಾರೆ. ಬೇಸಿಗೆಯಲ್ಲಿ ಕೊಡ ಹಿಡಿದು ಕೊಳವೆಬಾವಿಯ ಮುಂದೆ ಸರದಿ ನಿಂತವನಿಗೆ ಇದನ್ನು ಜೀರ್ಣಿಸಿಕೊಳ್ಳಲು ಬಹಳ ದಿನ ಬೇಕಾಯಿತು.

ಪಕ್ಕದ ಹೊಲದ ರೈತರು ಎಪ್ಪತ್ತು ದಾಟಿದ ಹಿರಿಯರು. ಬೆಳಿಗ್ಗೆ ಎಂಟಕ್ಕೆ ಬಂದು ಮೊಳೆಯಂಥ ಉದ್ದನೆಯ ಥರ್ಮಾಮೀಟರನ್ನು ನಾಲ್ಕು ಇಂಚು ಆಳಕ್ಕೆ ಚುಚ್ಚಿ, ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮುಳ್ಳು ನಿಲ್ಲುವುದನ್ನು ಕಾಯುತ್ತಾರೆ. ಅವರಿಗೆ ಬೇಕಾದದ್ದು 50 ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್. ಅಷ್ಟು ಬಂದ ಮಾತ್ರಕ್ಕೆ ಬಿತ್ತುವುದಿಲ್ಲ, ಮುಂದಿನ ವಾರ ಹೇಗಿದೆ ಎಂದು ನೋಡುತ್ತಾರೆ. ಬೀಜ ಮಣ್ಣಿಗೆ ಬಿದ್ದ ಮೊದಲ ಒಂದೆರಡು ದಿನದಲ್ಲಿ ಹೀರುವ ನೀರು ತಣ್ಣಗಿದ್ದರೆ ಒಳಗಿನ ಜೀವಕೋಶಗಳೇ ಒಡೆದು ಮೊಳಕೆ ಸೊಟ್ಟಗಾಗುತ್ತದೆ, ಇಲ್ಲವೆ ಏಳುವುದೇ ಇಲ್ಲ. ಈ ಸೋಮವಾರ ಮುಳ್ಳು 54 ತೋರಿಸಿತ್ತು. ಅವರು ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಬುಧವಾರದ ಗಾಳಿ ಕಳೆಯಲಿ ಎಂದು ಹೇಳಿ ಹೊರಟುಹೋದರು. ಬಿತ್ತುವ ಯಂತ್ರ ಎಣ್ಣೆ ಕುಡಿದು ಕೊಟ್ಟಿಗೆಯಲ್ಲಿ ಸಿದ್ಧವಾಗಿಯೇ ಇತ್ತು.

ನನ್ನಪ್ಪನೂ ಹೊಲಕ್ಕೆ ಹೋಗಿ ಗೇಣುದ್ದ ಕೆದಕುತ್ತಾರೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ಉಂಡೆ ಕಟ್ಟಿ ನೆಲಕ್ಕೆ ಬಿಡುತ್ತಾರೆ. ಉಂಡೆ ಕಟ್ಟಬೇಕು, ಬಿದ್ದಾಗ ಒಡೆಯಲೂಬೇಕು. ಆಗ ಹದ ಬಂತೆಂದು ಅರ್ಥ. ಈ ಎರಡು ಪರೀಕ್ಷೆಗಳಲ್ಲಿ ಒಂದು ಹೆಚ್ಚು ಇನ್ನೊಂದು ಕಡಿಮೆ ಎಂದು ನಾನು ಹೇಳಲಾರೆ. ವ್ಯತ್ಯಾಸ ಇರುವುದು ನಂತರದ ಹೆಜ್ಜೆಯಲ್ಲಿ. ಇಲ್ಲಿಯ ರೈತರು ಇಂದಿನ ಮಣ್ಣನ್ನು ನೋಡಿ, ಬರುವ ಗುರುವಾರದ ಮೇಲೂ ಭಾರ ಹಾಕಬಲ್ಲರು. ಅಪ್ಪನಿಗೆ ಆ ಭಾರ ಹಾಕುವ ಜಾಗವೇ ಇಲ್ಲ.

ಇಲ್ಲಿಯ ಮುನ್ಸೂಚನೆ ತಪ್ಪುವುದಿಲ್ಲವೆಂದು ಇದರ ಅರ್ಥವಲ್ಲ. ತಪ್ಪುತ್ತದೆ. ಆದರೆ ಎಲ್ಲಿ ತಪ್ಪಬಹುದೆಂದು ಮೊದಲೇ ಹೇಳಿರುತ್ತದೆ. ನಮ್ಮ ಕೌಂಟಿಯನ್ನು ನೋಡಿಕೊಳ್ಳುವ ಹವಾಮಾನ ಕಚೇರಿ ಇರುವುದು ಪಕ್ಕದ ಲಿಂಕನ್ ಊರಿನಲ್ಲಿ. ಅಲ್ಲಿಂದಲೇ ದಿನಕ್ಕೆರಡು ಬಾರಿ ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯುತ್ತಾರೆ. ಪಾಳಿಯಲ್ಲಿರುವ ತಜ್ಞರು ಬಿಸಿಲು, ಮೋಡದ ಚಿತ್ರಗಳ ಜೊತೆಗೆ ಒಂದು ಉದ್ದನೆಯ ಟಿಪ್ಪಣಿಯನ್ನೂ ಬರೆಯುತ್ತಾರೆ: ಮಂಗಳವಾರದ ಮಳೆಯ ಬಗ್ಗೆ ಭರವಸೆ ಇದೆ, ಆದರೆ ಬೆಳಗಿನ ಮೋಡ ಬೇಗ ಚದುರದಿದ್ದರೆ ಗುಡುಗಿನ ಬಲ ಕುಗ್ಗಬಹುದು, ಭಾನುವಾರದ ವಿಷಯದಲ್ಲಿ ಕಂಪ್ಯೂಟರ್ ಮಾದರಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ಯಾರು ಬೇಕಾದರೂ ಓದಬಹುದು. ಮಳೆಯನ್ನು ನೂರಕ್ಕೆ ಇಷ್ಟು ಎಂದು ಹೇಳುವ ರೂಢಿ ಇಲ್ಲಿ 1960ರ ದಶಕದಿಂದಲೇ ಇದೆ. ನೂರಕ್ಕೆ 40 ಎಂದರೆ ಆ ಹೊತ್ತಿನೊಳಗೆ ನಿಮ್ಮ ಹೊಲದ ಮೇಲೆ ಕಾಲು ಮಿಲಿಮೀಟರಾದರೂ ಬೀಳುವ ಸಾಧ್ಯತೆ ಅಷ್ಟು. ಮೇವು ಕೊಯ್ದು ಒಣಹಾಕಿದವನು 40ಕ್ಕೆ ಹೆದರುತ್ತಾನೆ. ಬಿತ್ತುವವನು ಹೆದರುವುದಿಲ್ಲ. ಒಂದೇ ಅಂಕಿ, ನಿರ್ಧಾರ ಅವರವರದು.

ನಮ್ಮಲ್ಲಿ ಏನಾಗುತ್ತದೆ? ‘ಉತ್ತರ ಒಳನಾಡಿನ ಕೆಲವೆಡೆ ಮಳೆಯಾಗುವ ಸಾಧ್ಯತೆ ಇದೆ’ ಎಂದು ಸುದ್ದಿಯ ಕೊನೆಯಲ್ಲಿ ಓದುತ್ತಾರೆ. ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಈ ಮಾತುಗಳು ಬಾಯಿಗೆ ಬಂದಂತೆ ಹೇಳಿದವಲ್ಲ. ಭಾರತೀಯ ಹವಾಮಾನ ಇಲಾಖೆಯಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’, 26ರಿಂದ 50ರಷ್ಟಾದರೆ ‘ಕೆಲವೆಡೆ’, 75ರವರೆಗೆ ‘ಹಲವೆಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಇದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ. ಚಿಕ್ಕಂದಿನಿಂದ ದಿನವೂ ಕೇಳಿದ ಮಾತಿನೊಳಗೆ ಅಂಕಿ ಅಡಗಿತ್ತು, ಯಾರೂ ಅದನ್ನು ಬಿಡಿಸಿ ಹೇಳಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಸಂಕಟಕ್ಕೆ ಕಾರಣವಿದೆ. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಮೃಗಶಿರಾದ ಮೊದಲ ಮಳೆ ಚೆನ್ನಾಗಿ ಬಿತ್ತು. ಸಾಧ್ಯತೆ ಇದೆ ಎಂಬ ಮಾತನ್ನು ನಂಬಿ ಎಂಟು ಎಕರೆಗೂ ಕೂರಿಗೆ ಹೂಡಿದೆವು. ಆಮೇಲೆ ಹದಿನೆಂಟು ದಿನ ಹನಿ ಬೀಳಲಿಲ್ಲ. ಮೊಳಕೆ ಬೆರಳುದ್ದ ಬಂದು ಸುರುಳಿ ಸುತ್ತಿಕೊಂಡು ಹೊಲದಲ್ಲೇ ಹುರಿದುಹೋಯಿತು. ಮರುಬಿತ್ತನೆಗೆ ಬೀಜ, ಗೊಬ್ಬರ ತರಲು ಅವ್ವನ ಬೋರಮಾಳ ಸರ ಗಿರವಿಗೆ ಹೋಯಿತು. ಅಂದಿನಿಂದ ಅಪ್ಪ ಹವಾಮಾನದ ಸುದ್ದಿ ಬಂದರೆ ರೇಡಿಯೊ ಆರಿಸುತ್ತಾರೆ. ‘ಕೆಲವೆಡೆ’ ಎಂದರೆ ಅರ್ಧಕ್ಕಿಂತ ಹೆಚ್ಚು ಕಡೆ ಬೀಳುವುದಿಲ್ಲ ಎಂದು ಅವರಿಗೆ ತಿಳಿದಿದ್ದರೆ ನಾಲ್ಕೇ ಎಕರೆ ಬಿತ್ತುತ್ತಿದ್ದರು. ಅವರು ಜೂಜಾಡುವವರಲ್ಲ.

ಸಿಡಿಲಿನ ಮಾತಂತೂ ಇನ್ನೂ ಗಂಭೀರ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಮರದಡಿ ನಿಂತವರು, ಕುರಿ ಕಾಯುವವರು ಸಾಯುವ ಸುದ್ದಿ ಪ್ರತಿವರ್ಷ ಓದುತ್ತೇವೆ. ಈಗ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ‘ದಾಮಿನಿ’ಯಂಥ ಆ್ಯಪ್ ಇದೆ. ಆದರೆ ಇಡೀ ಜಿಲ್ಲೆಗೆ ಹಳದಿ ಬಣ್ಣ ಬಳಿದರೆ, ಹತ್ತು ಸಲ ಬಿಸಿಲಲ್ಲೇ ಕಳೆದವನು ಹನ್ನೊಂದನೆಯ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿಯೂ ಮೊದಲು ಸುಂಟರಗಾಳಿಯ ಎಚ್ಚರಿಕೆಯನ್ನು ಇಡೀ ಕೌಂಟಿಗೆ ಕೊಡುತ್ತಿದ್ದರು. 2007ರ ಅಕ್ಟೋಬರಿನಿಂದ ಅದನ್ನು ಬಿಟ್ಟು, ಗಾಳಿ ಸಾಗುವ ದಾರಿಯನ್ನಷ್ಟೇ ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸುತ್ತಾರೆ. ‘ವಾಚ್’ ಎಂದರೆ ವಾತಾವರಣ ಕೂಡಿಬಂದಿದೆ, ಕಿವಿಗೊಟ್ಟಿರಿ. ‘ವಾರ್ನಿಂಗ್’ ಎಂದರೆ ಕಣ್ಣಿಗೋ ರಾಡಾರಿಗೋ ಬಿದ್ದಾಯಿತು, ನೆಲಮಾಳಿಗೆಗೆ ಇಳಿಯಿರಿ. ನನ್ನ ಆರು ವರ್ಷದ ಮಗಳಿಗೂ ಈ ವ್ಯತ್ಯಾಸ ಗೊತ್ತು. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸೈರನ್ ಪರೀಕ್ಷೆ ನಡೆದಾಗ ಶಾಲೆಯಲ್ಲಿ ಅವಳು ಹೆದರುವುದಿಲ್ಲ.

ನಮ್ಮಲ್ಲಿ ಸಲಕರಣೆ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕ ಹಾಕಿದೆ. ವರುಣಮಿತ್ರ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಮಾತನಾಡುತ್ತಾರೆ. ದೇಶದ ಬೇರೆಡೆಯವರು ಮೆಚ್ಚಬೇಕಾದ ಏರ್ಪಾಡು ಇದು. ನಾನು ಕೇಳುವುದು ಅಂಕಿಯನ್ನು ಕನ್ನಡದಲ್ಲಿ, ಹೋಬಳಿಯ ಮಟ್ಟದಲ್ಲಿ, ಇಷ್ಟಕ್ಕೆ ಇಷ್ಟು ಎಂದು ಹೇಳಿ ಎಂಬುದನ್ನು. ರೈತನಿಗೆ ಅರ್ಥವಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಪಿಎಂಸಿಯಲ್ಲಿ ಕ್ವಿಂಟಲಿನ ದರ ಎಂಟಾಣೆ ಆಚೀಚೆಯಾದರೆ ಗುರುತಿಸುವವನಿಗೆ ನೂರಕ್ಕೆ ನಲವತ್ತು ಅರ್ಥವಾಗದೆ? ಇಂಥ ಹೊತ್ತಿನಲ್ಲೇ 2024ರಲ್ಲಿ ನಮ್ಮ ದೇಶದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. 2025ರಲ್ಲಿ ಅಮೆರಿಕದ ಹಲವು ಹವಾಮಾನ ಕಚೇರಿಗಳಲ್ಲೂ ಜನರನ್ನು ಕಡಿಮೆ ಮಾಡಿ, ಕೆಲವೆಡೆ ಬಲೂನು ಹಾರಿಸುವುದನ್ನೂ ಕಡಿತಗೊಳಿಸಿದರು. ಅದೇ ವರ್ಷ ಮೇ 16ರಂದು ಉತ್ತು ಒಣಗಿದ ಈ ಸೀಮೆಯ ಹೊಲಗಳಿಂದ ಎದ್ದ ಧೂಳು ಷಿಕಾಗೋ ನಗರವನ್ನೇ ಮುಸುಕಿತ್ತು. ಎರಡೂ ಕಡೆಯ ಕಡಿತ ನನಗೆ ಒಂದೇ ಬಗೆಯ ತಪ್ಪಾಗಿ ಕಾಣುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನೂರಿನ ಕಡೆಗೇ ಮನಸ್ಸು ವಾಲುತ್ತದೆ. ಇಲ್ಲಿಯ ಮಳೆಗೆ ಹೆಸರಿಲ್ಲ. ನಮ್ಮಲ್ಲಿ ಹದಿಮೂರು, ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ಪ್ರತಿ ಮಳೆಗೂ ಒಂದು ಮಾತು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ. ರೋಹಿಣಿ ಬಂದರೆ ಓಣಿಯೆಲ್ಲ ಜೋಳ. ಆರಿದ್ರಾ ಬಾರದಿದ್ದರೆ ದರಿದ್ರ. ಇವು ನಾಳೆಯ ಮಳೆಯನ್ನು ಹೇಳಲಾರವು, ಆದರೆ ಯಾವ ಹೊತ್ತಿನ ಮಳೆ ಯಾವ ಬೆಳೆಗೆ ಬೇಕೆಂದು ಮರೆಯದಂತೆ ಹೇಳುತ್ತವೆ. ಅಪ್ಪ ಫೋನಿನಲ್ಲಿ ಮೊದಲು ಕೇಳುವುದೂ ಅದನ್ನೇ: ‘ಅಲ್ಲಿ ಭರಣಿ ಹನಿಯಿತೇನು ತಮ್ಮಾ?’

ಹೋದ ವರ್ಷ ರಜೆಗೆ ಹೋದಾಗ ಇಲ್ಲಿಂದ ಒಂದು ಮಳೆಮಾಪಕ ಒಯ್ದೆ. ನಾಲ್ಕು ಇಂಚು ಅಗಲದ ಪಾರದರ್ಶಕ ಕೊಳವೆ, ಒಳಗೊಂದು ಸಣ್ಣ ಕೊಳವೆ, ಮೇಲೊಂದು ಆಲಿಕೆ. ಇಂಥದ್ದನ್ನೇ ಅಂಗಳದಲ್ಲಿ ನೆಟ್ಟು ಬೆಳಿಗ್ಗೆ ಏಳಕ್ಕೆ ಅಳೆದು ಕಳಿಸುವ ಸ್ವಯಂಸೇವಕರು ಅಮೆರಿಕದ ತುಂಬ ಇದ್ದಾರೆ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ 1997ರ ಪ್ರವಾಹದ ನಂತರ, 1998ರಲ್ಲಿ ಆರಂಭವಾದ ಕೆಲಸ ಅದು. ನಾನೂ ಅವರಲ್ಲೊಬ್ಬ. ಊರಲ್ಲಿ ಅದನ್ನು ಕಣದ ಬೇಲಿಯ ಗೂಟಕ್ಕೆ ಕಟ್ಟಿದೆವು. ಎಂಟನೆಯ ತರಗತಿಯ ಅಣ್ಣನ ಮಗ ದಿನವೂ ಎಂಟೂವರೆಗೆ ಅದನ್ನು ಓದುತ್ತಾನೆ. ನನಗಾಗ ಹಿಂದಿನ ರಾತ್ರಿ ಹತ್ತು ಗಂಟೆ. ಅಪ್ಪ ಮೊದಲು ಸುಮ್ಮನೆ ನೋಡುತ್ತಿದ್ದರು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಾವೇ ಬರೆಯುತ್ತಾರೆ.

ನಿನ್ನೆ ರಾತ್ರಿ, ಚಳಿಗೆ ಬಾಡದಿರಲೆಂದು ಮೆಣಸಿನ ಸಸಿಗಳ ಕುಂಡಗಳನ್ನು ಒಳಗೆ ತರುತ್ತಿದ್ದಾಗ ಅಣ್ಣನ ಮಗ ಆ ಕ್ಯಾಲೆಂಡರಿನ ಚಿತ್ರ ಕಳಿಸಿದ್ದ. ಅಪ್ಪನ ಗುಂಡನೆಯ ಅಕ್ಷರ: ಭರಣಿ, ಎರಡನೆಯ ದಿನ, 14 ಮಿ.ಮೀ.