ನಮ್ಮಲ್ಲಿ ಗುಲಾಮರಿಲ್ಲ ಮಾರಾಯ್ರೆ

ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜದ ಕಾರ್ಖಾನೆ ಅಂದುಕೊಳ್ಳಿ. ಹೆಸರು ಬೇಡ, ಅಂಥ ಕಾರ್ಖಾನೆ ಇಲ್ಲ. ಇದ್ದರೂ ಅದು ಪಕ್ಕದವರದ್ದು. ಅದರ ಮ್ಯಾನೇಜರರಿಗೆ ಲಂಡನ್ನಿನಿಂದ ಒಂದು ಮೇಲ್ ಬಂತು, ಗೋಡಂಬಿ ಕೊಳ್ಳುವ ಕಂಪನಿಯವರದ್ದು. ಒಳಗೆ ಉದ್ದದ ಪ್ರಶ್ನಾವಳಿ. ಮೊದಲ ಪ್ರಶ್ನೆಯೇ ಹೀಗೆ: ನಿಮ್ಮಲ್ಲಿ ಆಧುನಿಕ ಗುಲಾಮಗಿರಿ ಇದೆಯೇ?

"ಎಂತ ಮಾರಾಯ್ರೆ ಇದು? ಅಷ್ಟು ವರ್ಷ ನಮ್ಮನ್ನು ಆಳಿದವರು ಈಗ ನಮ್ಮ ಹತ್ರ ಕೇಳುವುದಾ?" ಎಂದು ಮ್ಯಾನೇಜರರು ಕುರ್ಚಿಯಿಂದ ಎದ್ದೇಬಿಟ್ಟರು. ಮಾತು ಸರಿಯೇ. ಆದರೆ ಉತ್ತರ ಹೋಗದೆ ಕಂಟೇನರ್ ಹೋಗುವುದಿಲ್ಲ. ಹಾಗಾಗಿ ಕೂತು, "ಇಲ್ಲ" ಎಂಬಲ್ಲಿ ಟಿಕ್ ಹಾಕಿ, ಒಬ್ಬ ಕನ್ಸಲ್ಟೆಂಟರನ್ನು ಕರೆಸಿದರು.

ಇದೆಲ್ಲ ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಮಹಿಮೆ. ಅದರ 54ನೇ ಸೆಕ್ಷನ್ ಪ್ರಕಾರ, ಅಲ್ಲಿ ವ್ಯಾಪಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಜಾಸ್ತಿ ವಹಿವಾಟಿರುವ ಕಂಪನಿ ಪ್ರತಿ ವರ್ಷ ಒಂದು ಹೇಳಿಕೆ ಹೊರಡಿಸಬೇಕು. ತನ್ನಲ್ಲಿ, ತನಗೆ ಮಾಲು ಕೊಡುವವರಲ್ಲಿ ಗುಲಾಮಗಿರಿ ಇರದ ಹಾಗೆ ಏನೇನು ಮಾಡಿದೆ ಎಂದು. ನಿರ್ದೇಶಕರ ಸಹಿ ಬೇಕು. ವೆಬ್‌ಸೈಟಿನ ಮುಖಪುಟದಲ್ಲಿ ಎದ್ದು ಕಾಣುವ ಲಿಂಕ್ ಬೇಕು. ಏನೂ ಮಾಡದಿದ್ದರೆ? ಅದಕ್ಕೂ ಕಾಯ್ದೆಯೊಳಗೇ ದಾರಿ ಇದೆ. "ನಾವು ಏನೂ ಮಾಡಿಲ್ಲ" ಎಂದು ಹೇಳಿಕೆ ಹೊರಡಿಸಿದರೂ ಕಾಯ್ದೆ ಪಾಲಿಸಿದ ಹಾಗೆಯೇ. ಹೇಳಿಕೆಯನ್ನೇ ಹೊರಡಿಸದವರಿಗೆ ಈ ಸೆಕ್ಷನ್ನಿನಲ್ಲಿ ದಂಡವಿಲ್ಲ; ಬೇಕಿದ್ದರೆ ಮಂತ್ರಿ ಕೋರ್ಟಿಗೆ ಹೋಗಿ ಆದೇಶ ತರಬಹುದು.

ಇದನ್ನು ಕೇಳಿ ಮ್ಯಾನೇಜರರ ಮುಖ ಅರಳಿತು. "ಹಾಗಾದರೆ ಏನೂ ಮಾಡಿಲ್ಲ ಅಂತಲೇ ಬರೆದುಬಿಡುವ."

"ಛೇ! ಮತ್ತೆ ನಾನು ಫೀಸು ತಗೊಳ್ಳುವುದು ಎಂತಕ್ಕೆ?" ಎಂದರು ಕನ್ಸಲ್ಟೆಂಟ್.

ಕೆಲಸ ಶುರುವಾಯಿತು. ನಿಮ್ಮ ಪ್ರದೇಶದಲ್ಲಿ ಗುಲಾಮಗಿರಿಯ ಇತಿಹಾಸ ಇದೆಯೇ ಎಂಬುದಕ್ಕೆ "ಇಲ್ಲ, ಇದು ಪರಶುರಾಮ ಸೃಷ್ಟಿ" ಎಂದು ಬರೆದದ್ದಾಯಿತು. ಕೊರಗ ಸಮುದಾಯದವರನ್ನು ಕೀಳಾಗಿ ಕಂಡು ಮಾಡಿಸುವ ಅಜಲು ಸೇವೆಯನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಬಾರದು ಎಂದು ಕಾನೂನಿನಲ್ಲಿ ಬರೆಯಬೇಕಾಗಿ ಬಂದ ಊರು ನಮ್ಮದು. ಆದರೆ ಅದು ಪರಂಪರೆಯ ಖಾತೆಗೆ ಹೋಗುತ್ತದೆ, ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ನಂತರ ಪೂರೈಕೆ ಸರಪಳಿ. "ಬೀಜ ಎಲ್ಲಿಂದ ಬರುತ್ತದೆ?" "ಆಫ್ರಿಕಾದಿಂದ, ಪಣಂಬೂರು ಬಂದರಿಗೆ." "ಆಫ್ರಿಕಾದಲ್ಲಿ ಯಾರಿಂದ?" "ಮರದಿಂದ." ಕನ್ಸಲ್ಟೆಂಟ್ "ಪ್ರಾಕೃತಿಕ ಮೂಲ" ಎಂದು ಬರೆದುಕೊಂಡರು.

ಈ ಉದ್ಯಮಕ್ಕೆ ಲೆಕ್ಕ ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಒಂದು ಪೌಂಡ್ ತೂಕಕ್ಕೆ 170ರಿಂದ 180 ಇಡೀ ತಿರುಳು ಬಂದರೆ ಡಬ್ಲ್ಯೂ 180 ಗ್ರೇಡು. 300ರಿಂದ 320 ಬಂದರೆ ಡಬ್ಲ್ಯೂ 320. ತುಂಡಾದದ್ದಕ್ಕೆ ಬೇರೆ ಗ್ರೇಡು, ಕಂದಿದ್ದಕ್ಕೆ ಬೇರೆ ಗ್ರೇಡು, ಎಲ್ಲಕ್ಕೂ ಬೇರೆ ಬೇರೆ ರೇಟು. ಅದೇ ಹಿಂದಿನ ಶೆಡ್ಡಿನಲ್ಲಿ ಎಷ್ಟು ಜನ ಮಲಗುತ್ತಾರೆ ಎಂದು ಕೇಳಿ. "ಅದು ಕಂಟ್ರಾಕ್ಟರ್‌ಗೆ ಗೊತ್ತು." ಸಿಪ್ಪೆಯ ಎಣ್ಣೆ ತಾಗಿ ಯಾರ ಕೈ ಎಷ್ಟು ಸುಟ್ಟಿದೆ? ಅದೂ ಕಂಟ್ರಾಕ್ಟರ್‌ಗೇ ಗೊತ್ತು. ಕಂಟ್ರಾಕ್ಟರ್ ಎಲ್ಲಿ? ಜಾರ್ಖಂಡಿಗೆ ಹೋಗಿದ್ದಾನೆ, ಜನ ತರಲಿಕ್ಕೆ.

ಹಾಗೆ ತಂದ ಜನರ ಆಧಾರ್ ಕಾರ್ಡುಗಳು ಆಫೀಸಿನ ಗೋದ್ರೇಜ್ ಕಪಾಟಿನಲ್ಲಿವೆ. ಯಾಕೆ? "ಸೇಫ್ಟಿಗೆ. ಆ ಹುಡುಗರು ಎಲ್ಲಿಯಾದರೂ ಕಳೆದುಕೊಳ್ಳುತ್ತಾರೆ." ಇದೇ ಮ್ಯಾನೇಜರರ ಭಾವ ಒಮ್ಮೆ ಗಲ್ಫಿನಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲಿನ ಮಾಲೀಕ ಪಾಸ್‌ಪೋರ್ಟ್ ಎತ್ತಿಟ್ಟುಕೊಂಡು, ಊರಿಗೆ ಬಿಡುವುದಿಲ್ಲ ಅಂದಿದ್ದ. ಆಗ ಇಡೀ ಕುಟುಂಬ ಎಂಪಿ ಆಫೀಸಿಗೆ ಹೋಯಿತು, ರಾಯಭಾರ ಕಚೇರಿಗೆ ಪತ್ರ ಬರೆಯಿತು, ದೈವಕ್ಕೆ ಹರಕೆ ಹೇಳಿತು. "ಮನುಷ್ಯರನ್ನು ಹೀಗೆ ಇಟ್ಟುಕೊಳ್ಳುವುದಾ? ಅವರಿಗೆ ದೇವರಿಲ್ವಾ?" ಎಂದು ಮ್ಯಾನೇಜರರೇ ಕಣ್ಣೀರು ಹಾಕಿದ್ದರು. ಆ ಕಣ್ಣೀರು ನಿಜವಾದದ್ದು. ಕಪಾಟಿನ ಬೀಗದ ಕೈ ಆವತ್ತೂ ಅವರ ಜೇಬಿನಲ್ಲೇ ಇತ್ತು.

ಅಡ್ವಾನ್ಸಿನ ವಿಷಯ ಬಂದಾಗ ಕನ್ಸಲ್ಟೆಂಟ್ ಸ್ವಲ್ಪ ಕೆಮ್ಮಿದರು. ಊರಲ್ಲಿ ಕೊಟ್ಟ ಇಪ್ಪತ್ತು ಸಾವಿರ, ರೈಲಿನ ಖರ್ಚು, ರೂಮಿನ ಬಾಡಿಗೆ, ಅಕ್ಕಿ, ಜ್ವರ ಬಂದಾಗಿನ ಗುಳಿಗೆ, ಎಲ್ಲ ಒಂದೇ ಪುಸ್ತಕದಲ್ಲಿ. ಬಾಕಿ ಮುಗಿಯುವ ತನಕ ಊರಿಗೆ ಹೋಗುವ ಹಾಗಿಲ್ಲ. ಬಾಕಿ ಎಷ್ಟೆಂದು ಪುಸ್ತಕಕ್ಕೆ ಮಾತ್ರ ಗೊತ್ತು.

ಇದಕ್ಕೆ ಲಂಡನ್ನಿನ ಕಾಯ್ದೆಯೇ ಬೇಕಾಗಿಲ್ಲ. ನಮ್ಮದೇ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಇದೆ. ಮುಂಗಡ ಕೊಟ್ಟು, ಬೇರೆ ಕಡೆ ಕೆಲಸಕ್ಕೆ ಹೋಗುವ ಅಥವಾ ಇಷ್ಟ ಬಂದಲ್ಲಿ ಓಡಾಡುವ ಸ್ವಾತಂತ್ರ್ಯ ಕಿತ್ತುಕೊಂಡರೆ ಅದು ಜೀತ ಎನ್ನುತ್ತದೆ ಅದು. ಆ ಸಾಲವೇ ರದ್ದು. ಜೀತದ ಸಾಲ ಎಂದು ಆಳು ದೂರಿದರೆ, ಅಲ್ಲ ಎಂದು ಸಾಬೀತು ಮಾಡಬೇಕಾದದ್ದು ಕೊಟ್ಟವನು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದಿಲ್ಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿಯಾಗಿದೆ. 1976ರ ಕಾಯ್ದೆಯಲ್ಲಿ ಶಿಕ್ಷೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಮೀನು ಇಳಿಸುವ ಧಕ್ಕೆಯಲ್ಲಿ ಆ ದುಡ್ಡಿಗೆ ಒಂದು ದೊಡ್ಡ ಅಂಜಲ್ ಮೀನು ಕೊಡಲಿಕ್ಕೂ ಮೀನಿನವರು ಯೋಚನೆ ಮಾಡುತ್ತಾರೆ.

"ಅದೆಲ್ಲ ಗದ್ದೆ, ಕಲ್ಲುಕೋರೆಯ ಕಾಯ್ದೆ. ನಾವು ಎಕ್ಸ್‌ಪೋರ್ಟಿನವರು" ಎಂದರು ಮ್ಯಾನೇಜರ್.

ಆಡಿಟಿನ ದಿನ ಬಂತು. ಹಿಂದಿನ ರಾತ್ರಿ ಶೆಡ್ಡಿಗೆ ಸುಣ್ಣ, ಎಲ್ಲರಿಗೂ ಹೊಸ ಕೈಗವಸು, ಗೋಡೆಗೆ ಇಂಗ್ಲಿಷ್ ಪೋಸ್ಟರ್: ನೀವು ಗುಲಾಮರಾಗಿದ್ದರೆ ಈ ನಂಬರಿಗೆ ಫೋನ್ ಮಾಡಿ. ನಂಬರ್ ಬ್ರಿಟನ್ನಿನ ಪ್ಲಸ್ 44ರಿಂದ ಶುರುವಾಗುತ್ತದೆ. ಬೆಂಗಳೂರಿನಿಂದ ಬಂದ ಆಡಿಟರಿಗೆ ಮೊದಲು ನೀರ್‌ದೋಸೆ, ಕೋಳಿ ಸುಕ್ಕ. ಆಮೇಲೆ ಒಬ್ಬ ಹುಡುಗನನ್ನು ಕೂರಿಸಿ ಕೇಳಿದರು: "ನಿನಗೆ ಇಷ್ಟ ಬಂದಾಗ ಕೆಲಸ ಬಿಟ್ಟು ಹೋಗಬಹುದಾ?" ಪ್ರಶ್ನೆ ಇಂಗ್ಲಿಷಿನಿಂದ ತುಳುವಿಗೆ ಇಳಿಯಿತು, ಸೂಪರ್‌ವೈಸರ್ ಅದನ್ನು ಹಿಂದಿಗೆ ದಾಟಿಸಿದ, ಕಂಟ್ರಾಕ್ಟರಿನ ತಮ್ಮ ಸಾದ್ರಿ ಭಾಷೆಯಲ್ಲಿ ಹುಡುಗನಿಗೆ ಹೇಳಿದ. ಹುಡುಗ ತುಂಬಾ ಹೊತ್ತು ಮಾತಾಡಿದ. ತಂಗಿಯ ಮದುವೆ ಎಂದ, ಕೈ ತೋರಿಸಿದ, ಕಪಾಟಿನ ಕಡೆಯೂ ಒಮ್ಮೆ ನೋಡಿದ. ಅದೆಲ್ಲ ಅದೇ ಮೆಟ್ಟಿಲು ಹತ್ತಿ ಇಂಗ್ಲಿಷಿಗೆ ಬರುವಾಗ ಎರಡು ಶಬ್ದ ಉಳಿದಿತ್ತು: "ನೋ ಪ್ರಾಬ್ಲಂ."

ಇನ್ನು ಘೋಷಣಾ ಪತ್ರ. ಲಂಡನ್ನಿನವರು ಮ್ಯಾನೇಜರರ ಸಹಿ ಕೇಳಿದ್ದರು. ಮ್ಯಾನೇಜರರು ಕಂಟ್ರಾಕ್ಟರಿನ ಸಹಿ ತಗೊಂಡರು, ಕಂಟ್ರಾಕ್ಟರ್ ಊರಿನ ಏಜೆಂಟನದ್ದು. ಕೆಳಗೆ ಇನ್ನು ಯಾರೂ ಉಳಿಯದ ಕಾರಣ ಹುಡುಗರನ್ನೇ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದರು: "ನಾನು ಗುಲಾಮನಲ್ಲ, ಸ್ವಇಚ್ಛೆಯಿಂದ ಇಲ್ಲಿದ್ದೇನೆ." ಎಣ್ಣೆಗೆ ಚರ್ಮ ಸವೆದವರ ಬೆರಳಚ್ಚು ಸರಿಯಾಗಿ ಮೂಡಲಿಲ್ಲ. ಅವರಿಂದ ಎರಡೆರಡು ಸಲ ಒತ್ತಿಸಿದರು. ಇದರಲ್ಲಿ ಹಾಳಾದ ಅರ್ಧ ದಿನವನ್ನು ಪುಸ್ತಕದಲ್ಲಿ ಬರೆದುಕೊಂಡರು.

ಫಲಿತಾಂಶ ಅತ್ಯುತ್ತಮ. ಲಂಡನ್ನಿನ ಕಂಪನಿಯ ವಾರ್ಷಿಕ ಹೇಳಿಕೆಯಲ್ಲಿ ನಮ್ಮ ಕಾರ್ಖಾನೆಯ ಫೋಟೋ ಬಂತು, ಹೊಸ ಕೈಗವಸಿನ ಸಮೇತ. ಅದೇ ವಾರ ಇನ್ನೊಂದು ಮೇಲ್, ಈ ಸಲ ಅವರ ಖರೀದಿ ವಿಭಾಗದಿಂದ. ಒಳ್ಳೆಯ ಸಹಕಾರಕ್ಕೆ ಧನ್ಯವಾದ. ವಿಯೆಟ್ನಾಮಿನವರು ಕಡಿಮೆಗೆ ಕೊಡುತ್ತಿದ್ದಾರೆ, ನೀವೂ ಪೌಂಡಿಗೆ ಸ್ವಲ್ಪ ಇಳಿಸಬೇಕು. ಕ್ರಿಸ್ಮಸ್ ಹತ್ತಿರ ಬಂತು, ಮಾಲು ಹತ್ತು ದಿನ ಮೊದಲೇ ಬೇಕು.

ಮ್ಯಾನೇಜರರು ಕಂಟ್ರಾಕ್ಟರಿಗೆ ಫೋನ್ ಮಾಡಿದರು. "ಇನ್ನೊಂದು ಇಪ್ಪತ್ತು ಜನ ಬೇಕು ಮಾರಾಯಾ. ಅಡ್ವಾನ್ಸ್ ಎಷ್ಟಾದರೂ ಆಗಲಿ. ಮತ್ತೆ ಆಧಾರ್ ಒರಿಜಿನಲ್ ತರಲಿಕ್ಕೆ ಹೇಳು, ಜೆರಾಕ್ಸ್ ಬೇಡ."